ಕಿಮೋಥೆರಪಿಯ ನಡುವೆ ಅಕ್ಕನೊಂದಿಗೆ ಕಾರಿನಲ್ಲಿ ಕುಟುಂಬ ಕೂಟಕ್ಕೆ: ಹೋಗಿಬಂದವರು ದಯವಿಟ್ಟು ತಿಳಿಸಿ

ಸಂಜೆಮಳೆ:

ಅಕ್ಕನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಶಸ್ತ್ರಚಿಕಿತ್ಸೆಯಾಗಿದೆ, ಈಗ ಕಿಮೋಥೆರಪಿ ನಡೆಯುತ್ತಿದೆ. ಮೂರು ವಾರಕ್ಕೊಂದು ಸುತ್ತು. ಮೊದಲ ದಿನ ಆಸ್ಪತ್ರೆಯಲ್ಲಿ ಆಕ್ಸಾಲಿಪ್ಲಾಟಿನ್ ಡ್ರಿಪ್, ಆಮೇಲೆ 14 ದಿನ ಎರಡು ಹೊತ್ತು ಕೆಪೆಸಿಟಾಬಿನ್ ಮಾತ್ರೆ, ಕೊನೆಯ 7 ದಿನ ಬಿಡುವು. ಈ ನಡುವೆ ಒಡಹುಟ್ಟಿದವರೆಲ್ಲ ಮಕ್ಕಳು, ಮೊಮ್ಮಕ್ಕಳ ಸಮೇತ ದೊಡ್ಡಣ್ಣನ ಮನೆಯಲ್ಲಿ ಸೇರುವ ಮಾತು ಎದ್ದಿದೆ. ಅಪ್ಪ ತೀರಿಕೊಂಡ ಮೇಲೆ ನಾವೆಲ್ಲ ಒಟ್ಟಿಗೆ ಕುಳಿತದ್ದೇ ಇಲ್ಲ. ಅಣ್ಣನ ಮನೆಯೋ ದೂರ, ಕಾರಿನಲ್ಲಿ ಒಂದೇ ದಿನಕ್ಕೆ ಮುಗಿಯುವ ದಾರಿಯಲ್ಲ.

ಅಕ್ಕ ಬರಲು ಒಪ್ಪಿದ್ದಾಳೆ. ಆದರೆ ಒಂದು ಷರತ್ತು ಹಾಕಿದ್ದಾಳೆ: "ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಇರಬೇಕು, ಯಾವಾಗ ತಿರುಗಿ ಹೊರಡಬೇಕು ಎನ್ನುವುದನ್ನು ನಾನು ಹೇಳುತ್ತೇನೆ. ಕಾರಣ ಕೇಳಬಾರದು." ಭಾವ ಮತ್ತು ನಾನು ಇದಕ್ಕೆ ಮಾತು ಕೊಟ್ಟಿದ್ದೇವೆ.

ದಿನ ಇನ್ನೂ ಗೊತ್ತಾಗಿಲ್ಲ. ಯಾವ ವಾರ ಹೊರಟರೆ ಒಳ್ಳೆಯದು, ದಾರಿಯಲ್ಲಿ ಯಾವುದರ ಮೇಲೆ ಕಣ್ಣಿಡಬೇಕು, ಅಲ್ಲಿ ಸೇರುವ ಅಷ್ಟೂ ಬಂಧುಗಳಿಗೆ ಮುಂಚಿತವಾಗಿ ಏನು ಹೇಳಬೇಕು? ಕೊನೆಯ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡುತ್ತಿದೆ.

ಹಗಲುದೀಪ:

ಕ್ಯಾನ್ಸರ್ ವಾರ್ಡಿನಲ್ಲಿ ಬಹಳ ಕಾಲ ನರ್ಸ್ ಆಗಿ ಕೆಲಸ ಮಾಡಿದವಳು ನಾನು. ಮೊದಲು ದಿನದ ವಿಚಾರ. ಸಾಮಾನ್ಯವಾಗಿ ಡ್ರಿಪ್ ಕೊಟ್ಟ 7ರಿಂದ 14 ದಿನಗಳ ನಡುವೆ ಬಿಳಿ ರಕ್ತಕಣಗಳು, ಅದರಲ್ಲೂ ಸೋಂಕಿನ ವಿರುದ್ಧ ಮೊದಲು ನಿಲ್ಲುವ ನ್ಯೂಟ್ರೋಫಿಲ್‌ಗಳು, ತೀರ ಕೆಳಗಿಳಿಯುತ್ತವೆ. ಮೂರನೆಯ ವಾರದ ಹೊತ್ತಿಗೆ ಮತ್ತೆ ಏರಿರುತ್ತವೆ. ನಿಮ್ಮ ಅಕ್ಕನಿಗೆ ಮಾತ್ರೆಯ ಬಿಡುವೂ ಆ ವಾರವೇ ಬರುತ್ತದೆ. ಆದ್ದರಿಂದ ಕೂಟವನ್ನು ಆ 7 ದಿನಗಳೊಳಗೆ ಇಟ್ಟುಕೊಳ್ಳಲು ಅಣ್ಣನಿಗೆ ಹೇಳಿ. ಎಲ್ಲರ ರಜೆ ಹೊಂದದಿದ್ದರೆ, ಮುಂದಿನ ಸುತ್ತನ್ನು ಕೆಲವು ದಿನ ಮುಂದೂಡಬಹುದೇ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಅದನ್ನು ಕೇಳಲು ಬಹಳ ಮಂದಿ ಅಳುಕುತ್ತಾರೆ. ಕೇಳಿದವರಿಗೆ ಎಷ್ಟೋ ಬಾರಿ ಒಪ್ಪಿಗೆ ಸಿಗುತ್ತದೆ. ಹೊರಡುವ ಮುನ್ನ ಒಂದು ರಕ್ತಪರೀಕ್ಷೆ ಮಾಡಿಸಿ.

ಎರಡನೆಯದು ಜ್ವರ. ಥರ್ಮಾಮೀಟರ್ ಕೈಗೆಟುಕುವಲ್ಲಿರಲಿ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ರಯಾಣ ಅಲ್ಲಿಗೆ ನಿಂತಿತು ಎಂದೇ ತಿಳಿಯಿರಿ. ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ "ಕಿಮೋಥೆರಪಿ ನಡೆಯುತ್ತಿದೆ" ಎಂಬುದನ್ನು ಮೊದಲ ಮಾತಾಗಿ ಹೇಳಿ. ವೈದ್ಯರೊಂದಿಗೆ ಮಾತನಾಡುವ ಮುನ್ನ ಪ್ಯಾರಾಸಿಟಮಾಲ್ ನುಂಗಿಸಬೇಡಿ. ಅದು ಜ್ವರವನ್ನು ಇಳಿಸಿ ಸೋಂಕನ್ನು ಮರೆಮಾಡುತ್ತದೆ, ಒಳಗೆ ಸೋಂಕು ಬೆಳೆಯುತ್ತಲೇ ಇರುತ್ತದೆ. ಇಂಥವರಿಗೆ ಜ್ವರ ಬಂದಾಗ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಶುರುವಾಗಬೇಕು ಎನ್ನುವುದು ಆಸ್ಪತ್ರೆಗಳ ಗುರಿ. ಹಾಗಾಗಿ ದಾರಿಯುದ್ದಕ್ಕೂ ಯಾವ ಪಟ್ಟಣದಲ್ಲಿ ಆಸ್ಪತ್ರೆಯಿದೆ ಎನ್ನುವುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ದಾರಿಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ ಜಾಗಗಳು ಬಂದೇ ಬರುತ್ತವೆ, ಕಾಗದದಲ್ಲಿ ಬರೆದಿದ್ದರೆ ಒಳ್ಳೆಯದು.

ಮೂರನೆಯದು ಕಾಲು. ಕ್ಯಾನ್ಸರ್ ಇರುವವರ ರಕ್ತ ಮೊದಲೇ ಸುಲಭವಾಗಿ ಹೆಪ್ಪುಗಟ್ಟುತ್ತದೆ, ಕಿಮೋಥೆರಪಿ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ, ಗಂಟೆಗಟ್ಟಲೆ ಮಡಿಸಿದ ಕಾಲಿನಲ್ಲಿ ಕುಳಿತರೆ ಮತ್ತಷ್ಟು. ಎರಡು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಸಿ. ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಲಿ. ಒಂದೇ ಕಾಲು ಊದಿ ಬಿಸಿಯಾಗಿ ನೋಯತೊಡಗಿದರೆ, ಇಲ್ಲವೇ ಏಕಾಏಕಿ ಉಸಿರು ಸಿಕ್ಕಿಕೊಂಡರೆ ಕಾಯಬೇಡಿ. ಔಷಧಿ ಹರಿಸಲು ಎದೆಯ ಚರ್ಮದಡಿ ಪೋರ್ಟ್ ಎಂಬ ಪುಟ್ಟ ಸಾಧನ ಕೂರಿಸಿದ್ದರೆ ಸೀಟ್‌ಬೆಲ್ಟ್ ಒತ್ತುತ್ತದೆಂದು ಬೆಲ್ಟ್ ಬಿಚ್ಚುವುದು ಬೇಡ. ನಡುವೆ ಒಂದು ಮೆತ್ತನೆಯ ಮಡಿಸಿದ ಬಟ್ಟೆ ಇಟ್ಟರೆ ಸಾಕು.

ದಾರಿಹೋಕ:

ನಮ್ಮದು ಬೇರೆ ಕಾಯಿಲೆ. ಅಪ್ಪನಿಗೆ ಪಾರ್ಕಿನ್ಸನ್. ಚಿಕ್ಕಪ್ಪಂದಿರು, ಅತ್ತೆಯರೆಲ್ಲ ಸೇರುವಲ್ಲಿಗೆ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆವು.

ನಕ್ಷೆ ನೋಡಿ "ಇಲ್ಲಿಂದ ಅಲ್ಲಿಗೆ ಇಷ್ಟು ಗಂಟೆ" ಎಂದು ಲೆಕ್ಕ ಹಾಕುವುದನ್ನು ಮೊದಲು ಬಿಡಿ. ಅಪ್ಪನ ಲೆವೊಡೋಪಾ ಮಾತ್ರೆಯ ಸಮಯವೇ ನಮ್ಮ ವೇಳಾಪಟ್ಟಿಯಾಗಿತ್ತು. ಆ ಮಾತ್ರೆ ಅರ್ಧ ಗಂಟೆ ತಡವಾದರೂ ದೇಹ ಬಿಗಿದುಕೊಳ್ಳುತ್ತದೆ. ಪ್ರೊಟೀನ್ ಹೆಚ್ಚಿರುವ ಊಟದ ಜೊತೆಗೆ ನುಂಗಿದರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಹೀಗಾಗಿ ಮಾತ್ರೆ, ಅದಾದ ಅರ್ಧ ಗಂಟೆಗೆ ಊಟ, ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತಿನಲ್ಲೇ ಕಾರಿನಿಂದ ಇಳಿಯುವುದು, ಶೌಚಾಲಯ, ನಡಿಗೆ. ಮಾತ್ರೆಯ ಬಲ ಇಳಿಯುವ ಹೊತ್ತಿನಲ್ಲಿ ಕಾರು ಓಡುತ್ತಿರುತ್ತಿತ್ತು, ಅಪ್ಪ ಸೀಟನ್ನು ಹಿಂದಕ್ಕೆ ಮಾಡಿಕೊಂಡು ಕಣ್ಣು ಮುಚ್ಚಿರುತ್ತಿದ್ದರು.

ಇಳಿಯುವುದೇ ದೊಡ್ಡ ಕಷ್ಟ, ಅದನ್ನು ಯಾರೂ ಹೇಳುವುದಿಲ್ಲ. ಮೊದಲು ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಎರಡೂ ಕಾಲನ್ನು ಒಟ್ಟಿಗೆ ಹೊರಕ್ಕೆ ತಿರುಗಿಸಿ, ಪಾದ ನೆಲಕ್ಕೆ ಊರಿದ ಮೇಲೆ ಏಳಿಸಬೇಕು. ಎದ್ದ ಮೇಲೂ ಅಪ್ಪನ ಪಾದಗಳು ನೆಲಕ್ಕೆ ಅಂಟಿಕೊಂಡು ನಿಂತುಬಿಡುತ್ತಿದ್ದವು. ಆಗ ತಮ್ಮ ಅವರ ಮುಂದೆ ಊರುಗೋಲನ್ನು ನೆಲದ ಮೇಲೆ ಅಡ್ಡ ಇಡುತ್ತಿದ್ದ. "ಇದನ್ನು ದಾಟಿ ಅಪ್ಪ" ಎಂದರೆ ಸಾಕು, ಕಾಲು ಏಳುತ್ತಿತ್ತು. ಕಣ್ಣಿಗೆ ಕಾಣುವ ಗೆರೆಯೊಂದು ಸಿಕ್ಕರೆ ಮೆದುಳು ಬೇರೆ ದಾರಿಯಿಂದ ಹೆಜ್ಜೆಯನ್ನು ಎತ್ತಿಸುತ್ತದೆ ಎಂದು ಫಿಸಿಯೋಥೆರಪಿಸ್ಟ್ ನಮಗೆ ಕಲಿಸಿಕೊಟ್ಟಿದ್ದರು.

ಕಲ್ಲುಬೇಲಿ:

ಎಲ್ಲರೂ ಹೇಗೆ ಹೋಗಬೇಕೆಂದು ಹೇಳುತ್ತಿದ್ದೀರಿ. ಏಕೆ ಹೋಗಬೇಕು ಎಂದು ನಾನು ಕೇಳುತ್ತೇನೆ.

ನಮ್ಮ ತಾಯಿಯನ್ನು ಚಿಕಿತ್ಸೆಯ ಮಧ್ಯದಲ್ಲಿ ಬಂಧುಗಳ ಒತ್ತಾಯಕ್ಕೆ ದೂರದ ಸಮಾರಂಭವೊಂದಕ್ಕೆ ಕರೆದೊಯ್ದರು. ಅಲ್ಲಿ ಎಲ್ಲರಿಗೂ ಅವರನ್ನು ನೋಡಿದ ಸಮಾಧಾನ ಸಿಕ್ಕಿತು. ಅವರಿಗೆ ಸಿಕ್ಕಿದ್ದು ವಾರಗಟ್ಟಲೆ ಹಾಸಿಗೆ. ಆರೋಗ್ಯವಂತರು ಇಷ್ಟು ಜನ ಇರುವಾಗ ಕಾಯಿಲೆಯವರೇ ಎದ್ದು ದಾರಿ ಸವೆಸಬೇಕು ಎನ್ನುವುದು ಯಾವ ನ್ಯಾಯ? ಕೂಟವನ್ನು ನಿಮ್ಮ ಅಕ್ಕನ ಮನೆಯಲ್ಲೇ ಇಟ್ಟುಕೊಳ್ಳಿ. ಅಣ್ಣನೇ ಬರಲಿ. ನಿಜವಾದ ಪ್ರೀತಿಯಿದ್ದವರು ಬಂದೇ ಬರುತ್ತಾರೆ.

ಸಂಜೆಮಳೆ:

ಕಲ್ಲುಬೇಲಿಯವರೇ, ನಿಮ್ಮ ಮಾತನ್ನು ಇದ್ದಂತೆಯೇ ಅಕ್ಕನಿಗೆ ಓದಿ ಹೇಳಿದೆ. ನಿಮ್ಮ ತಾಯಿಗಾದ ಆಯಾಸವನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೀಗೆಂದಳು: "ಎಲ್ಲರೂ ನನ್ನ ಮನೆಗೆ ಬಂದರೆ ನಾನು ಮನೆಯೊಡತಿ. ಬಂದವರಿಗೆ ಹೊದಿಕೆ ಸಾಕೇ, ನೀರು ಕೊಟ್ಟರೇ ಎಂದು ಹಾಸಿಗೆಯಲ್ಲಿದ್ದರೂ ನನ್ನ ಜೀವ ಎಳೆಯುತ್ತಿರುತ್ತದೆ. ಅವರು ಹೊರಡುವವರೆಗೆ ನಾನು ಎಲ್ಲಿಗೂ ಹೋಗುವಂತಿಲ್ಲ. ಅಣ್ಣನ ಮನೆಯಲ್ಲಾದರೆ ಬಾಗಿಲು ಹಾಕಿಕೊಂಡು ಮಲಗಬಹುದು, ಬೇಡವೆನಿಸಿದರೆ ಕಾರು ಹತ್ತಬಹುದು."

ಇದು ನನಗೆ ಹೊಳೆದೇ ಇರಲಿಲ್ಲ. ನಿಮ್ಮ ತಾಯಿಯ ವಿಷಯದಲ್ಲಿ ನನಗೆ ಅತ್ಯಂತ ನೋವಾದದ್ದು, ಅವರಿಗೆ ಬೇಕೇ ಎಂದು ಯಾರೂ ಕೇಳಲಿಲ್ಲ ಎನ್ನುವುದು. ಹೋಗುವುದಕ್ಕೂ ಹೋಗದಿರುವುದಕ್ಕೂ ಅದೇ ಪ್ರಶ್ನೆ ಮುಖ್ಯ ಎಂದು ನನಗೆ ಅನ್ನಿಸುತ್ತದೆ.

ನಡುಹಗಲು:

ಇಲ್ಲಿ ಬರೆದವರೆಲ್ಲ ನೋಡಿಕೊಳ್ಳುವವರು. ನಾನು ಕಾಯಿಲೆಯವನು. ಎರಡೂ ಮೂತ್ರಪಿಂಡ ಕೈಕೊಟ್ಟಿವೆ, ವಾರಕ್ಕೆ ಮೂರು ಬಾರಿ, ಪ್ರತಿ ಬಾರಿ ನಾಲ್ಕು ಗಂಟೆ ಡಯಾಲಿಸಿಸ್.

ನಮ್ಮಂಥವರಿಗೆ ಪ್ರಯಾಣವೆಂದರೆ ತಲುಪುವ ಊರಿನಲ್ಲಿ ಒಂದು ಯಂತ್ರ ಖಾಲಿ ಇರಬೇಕು. ವಾರಗಳ ಮುಂಚೆಯೇ ಅಲ್ಲಿನ ಕೇಂದ್ರವನ್ನು ಸಂಪರ್ಕಿಸಬೇಕು. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಪರೀಕ್ಷೆಯ ಇತ್ತೀಚಿನ ವರದಿ, ಡಯಾಲಿಸಿಸ್ ವಿವರ, ನೀರು ತೆಗೆದ ಮೇಲಿನ ದೇಹತೂಕ, ಸೂಜಿ ಚುಚ್ಚುವ ಫಿಸ್ಟುಲಾ ಯಾವ ಕೈಯಲ್ಲಿದೆ ಎನ್ನುವುದು, ಇವನ್ನೆಲ್ಲ ಕೇಳುತ್ತಾರೆ. ಒಂದು ಸರದಿಯನ್ನೂ ತಪ್ಪಿಸುವಂತಿಲ್ಲ; ಪೊಟ್ಯಾಸಿಯಮ್ ಏರಿದರೆ ಹೃದಯವೇ ಲಯ ತಪ್ಪುತ್ತದೆ.

ಸಂಜೆಮಳೆಯವರೇ, ಬಂಧುಗಳಿಗೆ ಏನು ಹೇಳಬೇಕೆಂದು ಕೇಳಿದ್ದೀರಿ. ನನಗೆ ಬೇಕಿದ್ದುದನ್ನು ಹೇಳುತ್ತೇನೆ. ಕೂಟದಲ್ಲಿ ಪ್ರತಿಯೊಬ್ಬರೂ ನನ್ನನ್ನು ಮೂಲೆಗೆ ಕರೆದು, ದನಿ ತಗ್ಗಿಸಿ "ಈಗ ಹೇಗಿದೆ?" ಎಂದು ಕೇಳುತ್ತಾರೆ. ಕೇಳುವವರಿಗೆ ಅದು ಒಂದು ಸಲ. ಉತ್ತರ ಹೇಳುವ ನಾನು ಬೆಳಗಿನಿಂದ ಸಂಜೆಯವರೆಗೆ ನನ್ನ ಕಾಯಿಲೆಯನ್ನೇ ಒಪ್ಪಿಸುತ್ತಿರಬೇಕು. ಅದರ ಬದಲು ಹೋಗುವ ಮುನ್ನವೇ ಎಲ್ಲರಿಗೂ ಒಂದೇ ಪತ್ರ ಬರೆದು ಸ್ಥಿತಿಗತಿಯನ್ನು ತಿಳಿಸಿಬಿಡಿ, ಹೆಚ್ಚು ಕೇಳಬೇಕಾದವರು ನಿಮ್ಮನ್ನು ಕೇಳಲಿ. ಮತ್ತೊಂದು: ಅಕ್ಕನಿಗೆ ಕುಳಿತಲ್ಲೇ ಮಾಡುವಂಥ ಕೆಲಸವೊಂದನ್ನು ಕೊಡಿ. ನಿಜವಾದ ಕೆಲಸ, ಅವರಿಲ್ಲದಿದ್ದರೆ ಆಗದ ಕೆಲಸ. ಎಲ್ಲರೂ ಓಡಾಡುತ್ತಿರುವಾಗ ಕುರ್ಚಿಯಲ್ಲಿ ಸುಮ್ಮನೆ ಕುಳಿತು ಕರುಣೆಯ ನೋಟಗಳನ್ನು ಸ್ವೀಕರಿಸುವುದು ಡಯಾಲಿಸಿಸ್‌ಗಿಂತ ದಣಿಸುತ್ತದೆ.

ಮೂಡುಗಾಳಿ:

ಹಗಲುದೀಪ ಮೇಡಂ, ನಡುವೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಅಮ್ಮ ನೋವಿಗೆ ಫೆಂಟನಿಲ್ ಪ್ಯಾಚ್ ಹಚ್ಚುತ್ತಾರೆ, ಜೊತೆಗೆ ಇನ್ಸುಲಿನ್. ನಾವೂ ಮುಂದಿನ ತಿಂಗಳು ದೊಡ್ಡಮ್ಮನ ಮನೆಗೆ ಕಾರಿನಲ್ಲಿ ಹೊರಟಿದ್ದೇವೆ. ಬಿಸಿಲು ಕಾಲ. ಏನು ಜಾಗ್ರತೆ ಬೇಕು?

ಹಗಲುದೀಪ:

ಎರಡಕ್ಕೂ ಶಾಖವೇ ಶತ್ರು. ಫೆಂಟನಿಲ್ ಪ್ಯಾಚ್ ಸಾಮಾನ್ಯವಾಗಿ 72 ಗಂಟೆಗೊಮ್ಮೆ ಬದಲಿಸುವಂಥದ್ದು, ಚರ್ಮದ ಮೂಲಕ ನಿಧಾನವಾಗಿ ಔಷಧಿ ಬಿಡುತ್ತದೆ. ಆ ಜಾಗ ಬಿಸಿಯಾದರೆ ಔಷಧಿ ಬೇಗ ಬೇಗ ಒಳಗೆ ಹೋಗಿ ಅತಿಯಾದ ಮಂಪರು ಬರಬಹುದು, ಉಸಿರಾಟ ನಿಧಾನವಾಗಬಹುದು. ಕಿಟಕಿಯ ಬಿಸಿಲು ಪ್ಯಾಚ್ ಮೇಲೆ ಬೀಳದ ಬದಿಯಲ್ಲಿ ಅಮ್ಮನನ್ನು ಕೂರಿಸಿ, ಸೀಟು ಬಿಸಿಮಾಡುವ ವ್ಯವಸ್ಥೆಯಿದ್ದರೆ ಅದನ್ನು ಹಾಕಬೇಡಿ. ಜ್ವರ ಬಂದರೂ ಇದೇ ಅಪಾಯ. ತೆಗೆದ ಪ್ಯಾಚಿನಲ್ಲಿ ಇನ್ನೂ ಔಷಧಿ ಉಳಿದಿರುತ್ತದೆ. ಅಂಟಿನ ಬದಿ ಒಳಗೆ ಬರುವಂತೆ ಮಡಿಸಿ, ಮಕ್ಕಳಿಗೆ ಸಿಗದಂತೆ ವಿಲೇವಾರಿ ಮಾಡಿ. ಮಕ್ಕಳು ತುಂಬಿರುವ ಮನೆಗೆ ಹೋಗುತ್ತಿದ್ದೀರಿ, ಇದನ್ನು ಮರೆಯಲೇಬಾರದು.

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಬಳಕೆಗೆ ತೆಗೆದದ್ದು ಹೆಚ್ಚಿನ ಬಗೆಗಳಲ್ಲಿ ಸುಮಾರು ನಾಲ್ಕು ವಾರ ಕೋಣೆಯ ತಾಪಮಾನದಲ್ಲಿ ಇರಬಲ್ಲದು, ನಿಮ್ಮದರ ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ನೋಡಿಕೊಳ್ಳಿ. ಮಂಜುಗಡ್ಡೆಯ ಚೀಲಕ್ಕೆ ನೇರವಾಗಿ ತಾಗಿಸಿದರೆ ಹೆಪ್ಪುಗಟ್ಟಿ ಕೆಟ್ಟುಹೋಗುತ್ತದೆ, ಬಟ್ಟೆಯಲ್ಲಿ ಸುತ್ತಿಡಿ. ನಿಲ್ಲಿಸಿದ ಕಾರಿನಲ್ಲಿ ಎಂದಿಗೂ ಬಿಡಬೇಡಿ. ಬಿಸಿಲಿನಲ್ಲಿ ಗಾಜು ಮುಚ್ಚಿದ ಕಾರಿನ ಒಳಗೆ ಒಂದು ಗಂಟೆಯಲ್ಲಿ ಹೊರಗಿಗಿಂತ 20 ಡಿಗ್ರಿಯಷ್ಟು ಶಾಖ ಏರುತ್ತದೆ. ಔಷಧಿಯ ಚೀಲ ಅಮ್ಮನ ಜೊತೆಗೇ ಇಳಿಯಬೇಕು, ಅಮ್ಮನ ಜೊತೆಗೇ ಹತ್ತಬೇಕು.

ಸಂಜೆಮಳೆ:

ಹೋಗಿ ಬಂದೆವು. ಎಲ್ಲರೂ ಕೇಳುತ್ತಿದ್ದೀರಿ, ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೂರನೆಯ ವಾರಕ್ಕೆ ಹೊಂದುವಂತೆ ಅಣ್ಣ ದಿನವನ್ನೇ ಬದಲಾಯಿಸಿದ. ಹೊರಡುವ ಮುನ್ನ ವೈದ್ಯರು ಒಂದು ಪುಟದ ಪತ್ರ ಕೊಟ್ಟರು: ಯಾವ ಕ್ಯಾನ್ಸರ್, ಯಾವ ಔಷಧಿ, ಕೊನೆಯ ಡ್ರಿಪ್ ಯಾವ ದಿನ, ಯಾವುದಕ್ಕೆ ಅಲರ್ಜಿ, ರಾತ್ರಿಯೂ ಸಿಗುವ ದೂರವಾಣಿ ಸಂಖ್ಯೆ. ಅದರ ಒಂದು ಪ್ರತಿ ಭಾವನ ಜೇಬಿನಲ್ಲಿ, ಇನ್ನೊಂದು ನನ್ನ ಚೀಲದಲ್ಲಿ.

ಯಾರೂ ನನಗೆ ಎಚ್ಚರಿಸದಿದ್ದ ಸಂಗತಿಯೊಂದಿದೆ, ಆಕ್ಸಾಲಿಪ್ಲಾಟಿನ್ ಪಡೆಯುವವರ ಮನೆಯವರು ಗಮನಿಸಿ. ಈ ಔಷಧಿ ನರಗಳನ್ನು ತಣ್ಣನೆಯದಕ್ಕೆ ವಿಪರೀತ ಸೂಕ್ಷ್ಮವಾಗಿಸುತ್ತದೆ. ಡ್ರಿಪ್ ಆದ ಮೊದಲ ದಿನಗಳಲ್ಲಿ ಇದು ಜೋರು, ಬಳಿಕ ಇಳಿಯುತ್ತದೆ, ಆದರೆ ಸುತ್ತುಗಳು ಹೆಚ್ಚಿದಂತೆ ಪೂರ್ತಿ ಇಳಿಯದೆ ಉಳಿಯಬಹುದು. ಮುಂಜಾನೆ ಹೊರಟಾಗ ಅಕ್ಕ ಕಾರಿನ ಬಾಗಿಲ ಹಿಡಿಕೆಯನ್ನು ಮುಟ್ಟಿ ಥಟ್ಟನೆ ಕೈ ಎಳೆದುಕೊಂಡಳು. ಬೆರಳ ತುದಿಗಳಿಗೆ ಸೂಜಿ ಚುಚ್ಚಿದ ಅನುಭವ. ಎಸಿಯ ಗಾಳಿ ನೇರವಾಗಿ ಮುಖಕ್ಕೆ ಬಡಿದಾಗ ಗಂಟಲು ಬಿಗಿಯಿತು, ಒಂದು ಕ್ಷಣ ಉಸಿರೇ ಸಿಗುತ್ತಿಲ್ಲವೆಂದು ಹೆದರಿದಳು. ಭಾವ ತಕ್ಷಣ ಅವಳ ಕಡೆಯ ಗಾಳಿಕಿಂಡಿಗಳನ್ನು ಮುಚ್ಚಿದರು. ಆಮೇಲಿಂದ ಅವಳ ಬದಿಯ ಬಾಗಿಲನ್ನು ತೆರೆಯುವುದು, ಹಾಕುವುದು ನನ್ನ ಕೆಲಸ. ಕೈಗೆ ಹತ್ತಿಯ ಕೈಗವಸು, ಕುಡಿಯಲು ಫ್ಲಾಸ್ಕಿನ ಬೆಚ್ಚಗಿನ ನೀರು ಮಾತ್ರ. ಕೆಪೆಸಿಟಾಬಿನ್‌ನಿಂದ ಅಂಗಾಲಿನ ಚರ್ಮ ಕೆಂಪಾಗಿ ಸುಲಿಯುತ್ತಿತ್ತು, ಆದ್ದರಿಂದ ನಡೆಯಲು ಸಡಿಲವಾದ ಮೆತ್ತನೆಯ ಪಾದರಕ್ಷೆಯೇ ಬೇಕಾಯಿತು. ಭೇದಿಗೆ ವೈದ್ಯರು ಬರೆದುಕೊಟ್ಟ ಮಾತ್ರೆ, ಓಆರ್‌ಎಸ್ ಪೊಟ್ಟಣ, ಒಂದು ಜೊತೆ ಬಟ್ಟೆ ಅವಳ ಕಾಲಬುಡದಲ್ಲೇ ಇದ್ದವು. ಅವಳು "ನಿಲ್ಲಿಸಿ" ಎಂದಾಗಲೆಲ್ಲ ಭಾವ ಮಾತಿಲ್ಲದೆ ನಿಲ್ಲಿಸಿದರು.

ಬಂಧುಗಳಿಗೆ ಪತ್ರವನ್ನು ಅಕ್ಕನ ಜೊತೆ ಕುಳಿತೇ ಬರೆದೆ, ನಡುಹಗಲು ಅವರ ಸಲಹೆಯಂತೆ. ಕಾಯಿಲೆಯ ವಿಷಯ ನಾಲ್ಕು ಸಾಲು. ನೆಗಡಿ, ಕೆಮ್ಮು, ಜ್ವರ ಇರುವವರು ದಯವಿಟ್ಟು ದೂರವಿರಿ ಎಂಬ ಒಂದು ಸಾಲು. "ತೆಳ್ಳಗಾಗಿದ್ದೀಯ, ಬಣ್ಣ ಕಪ್ಪಾಗಿದೆ ಎಂದು ಹೇಳಬೇಡಿ, ನನಗೆ ಕನ್ನಡಿಯಿದೆ" ಎಂಬ ಸಾಲನ್ನು ಅವಳೇ ಸೇರಿಸಿದಳು. ಯಾರಿಗೆ ಗೊತ್ತಿರುವ ವೈದ್ಯರು, ಯಾವ ಬೇರು, ಯಾವ ಕಷಾಯ ಎಂಬ ಸಲಹೆಗಳನ್ನು ನನಗೆ ಕಳುಹಿಸಬೇಕು, ಅವಳಿಗಲ್ಲ ಎಂದೂ ಬರೆದೆವು. ಚಿಕ್ಕ ತಮ್ಮನ ಮಗುವಿಗೆ ಹಿಂದಿನ ದಿನ ನೆಗಡಿ ಶುರುವಾಯಿತು. ಅವನು ಬೇಸರಪಟ್ಟುಕೊಳ್ಳದೆ ಮನೆಯಲ್ಲೇ ಉಳಿದು ವಿಡಿಯೋ ಕರೆಯಲ್ಲಿ ಮಾತನಾಡಿದ. ಬಾರದೆ ಉಳಿದ ಅವನ ಪ್ರೀತಿಯನ್ನು ನಾನು ಬಂದವರೆಲ್ಲರ ಪ್ರೀತಿಯಷ್ಟೇ ದೊಡ್ಡದೆಂದು ಎಣಿಸುತ್ತೇನೆ.

ಅಣ್ಣ ನೆಲಮಹಡಿಯ, ಶೌಚಾಲಯಕ್ಕೆ ಹತ್ತಿರವಿರುವ ಕೋಣೆಯನ್ನು ಖಾಲಿ ಮಾಡಿಸಿದ್ದ. ಅದರ ಬಾಗಿಲು ಮುಚ್ಚಿದ್ದರೆ ಯಾರೂ ತಟ್ಟಬಾರದು ಎಂದು ಮಕ್ಕಳಿಗೂ ಹೇಳಿದ್ದ.

ಇನ್ನು ಕೆಲಸ. ಅಮ್ಮ ಕೂಡಿಟ್ಟಿದ್ದ ಹಳೆಯ ಫೋಟೋಗಳ ಪೆಟ್ಟಿಗೆಯೊಂದು ಅಣ್ಣನ ಬಳಿಯಿತ್ತು. ಅವುಗಳಲ್ಲಿರುವ ಅರ್ಧಕ್ಕರ್ಧ ಮುಖಗಳನ್ನು ಗುರುತಿಸಬಲ್ಲವಳು ನಮ್ಮಲ್ಲಿ ಅಕ್ಕ ಒಬ್ಬಳೇ, ಅವಳೇ ಹಿರಿಯ ಮಗಳು. ಅವಳು ಒಂದೊಂದೇ ಫೋಟೋ ಎತ್ತಿ ಹೇಳುತ್ತಾ ಹೋದಳು, ಅಣ್ಣನ ಮೊಮ್ಮಗಳು ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಬರೆಯುತ್ತಾ ಹೋದಳು. ಅಕ್ಕನ ಬೆರಳುಗಳು ಜೋಮು ಹಿಡಿದಿರುವುದರಿಂದ ತೆಳುವಾದ ಫೋಟೋಗಳು ಒಂದಕ್ಕೊಂದು ಅಂಟಿಕೊಂಡು ಎದ್ದು ಬರುತ್ತಿರಲಿಲ್ಲ. ಅದನ್ನು ಕಂಡ ಹುಡುಗಿ ಏನೂ ಹೇಳದೆ ಒಂದೊಂದನ್ನೇ ಬಿಡಿಸಿ ಅವಳ ಅಂಗೈಯ ಮೇಲೆ ಇಡತೊಡಗಿದಳು. ಅಪ್ಪ ಯುವಕನಾಗಿದ್ದಾಗ ಸೈಕಲ್ ಹಿಡಿದು ನಿಂತ ಫೋಟೋ ಬಂದಾಗ ಎಲ್ಲರೂ ಸುತ್ತ ನೆರೆದರು. ಅಕ್ಕ ಆ ಸೈಕಲ್ಲಿನ ಕತೆ ಹೇಳಿದಳು, ನಮ್ಮಲ್ಲಿ ಯಾರೂ ಕೇಳಿರದಿದ್ದ ಕತೆ. ಅಷ್ಟು ಹೊತ್ತೂ ಯಾರಿಗೂ ಕಾಯಿಲೆಯ ನೆನಪಿರಲಿಲ್ಲ.

ಕೊನೆಯ ದಿನ ಮಧ್ಯಾಹ್ನದ ಊಟಕ್ಕೆ ಮೊದಲೇ ಅವಳು ನನ್ನ ಕಡೆ ನೋಡಿ "ಹೊರಡೋಣ" ಎಂದಳು. ಗುಂಪು ಫೋಟೋ ಇನ್ನೂ ತೆಗೆದಿರಲಿಲ್ಲ. ಭಾವ ಕಾರಿನ ಬೀಗದ ಕೈ ತೆಗೆದುಕೊಂಡರು, ನಾನು ಔಷಧಿಯ ಚೀಲ ತೆಗೆದುಕೊಂಡೆ.

ಕಲ್ಲುಬೇಲಿ:

ಓದಿದೆ. ಮನಸ್ಸು ತುಂಬಿತು. ನಿಮ್ಮ ಅಕ್ಕನಿಗೆ ನನ್ನ ನಮಸ್ಕಾರ ಹೇಳಿ. ರೋಗಿಯ ಮನೆಗೇ ಎಲ್ಲರೂ ಹೋಗಬೇಕೆಂಬ ನನ್ನ ಅಭಿಪ್ರಾಯ ಹೆಚ್ಚಿನವರ ವಿಷಯದಲ್ಲಿ ಈಗಲೂ ಅದೇ. ನಿಮ್ಮ ಅಕ್ಕನ ವಿಷಯದಲ್ಲಿ ಅಲ್ಲ.

ಎರಡು ಪ್ರಶ್ನೆ. ಹಾಗೆ ನಡುವೆಯೇ ಹೊರಟಾಗ ಮನೆಯವರು ಬೇಸರಿಸಲಿಲ್ಲವೇ? ಪ್ರಯಾಣದಿಂದ ಚಿಕಿತ್ಸೆಗೆ ಏನಾದರೂ ತೊಡಕಾಯಿತೇ?

ಸಂಜೆಮಳೆ:

ಅತ್ತಿಗೆಯ ಮುಖ ಬಾಡಿತು, ಸುಳ್ಳು ಹೇಳುವುದಿಲ್ಲ. ಊಟ ಸಿದ್ಧವಾಗುತ್ತಿತ್ತು. ಆದರೆ ಅಕ್ಕ ಯಾವಾಗ ಬೇಕಾದರೂ ಹೊರಡಬಹುದು ಎಂದು ಪತ್ರದಲ್ಲಿ ಮೊದಲೇ ಬರೆದಿದ್ದೆವು, ಆದ್ದರಿಂದ ಯಾರೂ ಎಳೆದಾಡಲಿಲ್ಲ. ಅತ್ತಿಗೆ ಊಟ ಕಟ್ಟಿಕೊಟ್ಟರು. ಅಕ್ಕ ಕಾರಿನಲ್ಲಿ ಕುಳಿತ ಮೇಲೆ ಎಲ್ಲರೂ ಕಾರಿನ ಸುತ್ತ ಬಂದು ನಿಂತರು, ಗುಂಪು ಫೋಟೋ ಅಲ್ಲೇ ಆಯಿತು. ದಾರಿಯಲ್ಲಿ ಅವಳು ಬಹಳ ಹೊತ್ತು ನಿದ್ರಿಸಿದಳು. ಏಕೆ ಹೊರಡಬೇಕೆನಿಸಿತು ಎಂದು ನಾವು ಇಂದಿಗೂ ಕೇಳಿಲ್ಲ.

ಚಿಕಿತ್ಸೆಯ ಬಗ್ಗೆ: ಮುಂದಿನ ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕಡಿಮೆ ಇದ್ದುದರಿಂದ ಡ್ರಿಪ್ ಒಂದು ವಾರ ಮುಂದೆ ಹೋಯಿತು. ಪ್ರಯಾಣದಿಂದ ಹೀಗಾಯಿತೇ ಎಂದು ಭಯದಿಂದಲೇ ಕೇಳಿದೆ. ಅದು ಆಕ್ಸಾಲಿಪ್ಲಾಟಿನ್‌ನ ಗೊತ್ತಿರುವ ಪರಿಣಾಮ, ಮನೆಯಲ್ಲೇ ಇದ್ದಿದ್ದರೂ ಆಗುತ್ತಿತ್ತು ಎಂದರು ವೈದ್ಯರು. ಬೆರಳಿನ ಜೋಮು ಬಿಡುವಿನ ವಾರದಲ್ಲೂ ಹೋಗುತ್ತಿಲ್ಲ ಎಂದು ತಿಳಿಸಿದಾಗ ಡೋಸ್ ತಗ್ಗಿಸಿದರು. ಫೋಟೋಗಳನ್ನು ಬಿಡಿಸಲಾಗದ ವಿಷಯವನ್ನು ಹೇಳಿದ್ದು ಅಕ್ಕನೇ. ನಿಮ್ಮ ಮನೆಯವರಿಗೂ ಇದೇ ಔಷಧಿ ನಡೆಯುತ್ತಿದ್ದರೆ, ಗುಂಡಿ ಹಾಕಲು, ನಾಣ್ಯ ಎತ್ತಲು, ಕಾಗದ ತಿರುವಲು ಕಷ್ಟವಾಗುತ್ತಿದೆಯೇ ಎಂದು ಕೇಳಿ ವೈದ್ಯರಿಗೆ ತಿಳಿಸಿ. ಬರಿ "ಜೋಮು" ಎಂದರೆ ಅವರಿಗೆ ಅಳತೆ ಸಿಗುವುದಿಲ್ಲ.

ಪೆಟ್ಟಿಗೆಯಲ್ಲಿ ಇನ್ನೂ ಫೋಟೋಗಳು ಉಳಿದಿವೆ. ಅಣ್ಣ ಅವನ್ನು ಅಂಚೆಯಲ್ಲಿ ಕಳುಹಿಸುತ್ತೇನೆ ಎಂದ. ಬೇಡ, ಕೊನೆಯ ಸುತ್ತು ಮುಗಿದ ಮೇಲೆ ಹುಡುಗಿಯನ್ನೂ ಪೆಟ್ಟಿಗೆಯನ್ನೂ ಕರೆದುಕೊಂಡು ನೀನೇ ಬಾ, ಬೇರೆ ಯಾರೂ ಬೇಡ ಎಂದು ಅಕ್ಕ ಹೇಳಿದ್ದಾಳೆ.